ಮದ್ದು ಬಿಟ್ಟ ತೋಟದಲ್ಲಿ ಗೊದಮೊಟ್ಟೆ ಯಾಕಿಲ್ಲ?

ಪ್ರಶ್ನೆ: ಅಡಿಕೆಗೆ ಮದ್ದು ಬಿಟ್ಟ ಬಳಿಕ ಕಣಿಯಲ್ಲಿ ಗೊದಮೊಟ್ಟೆಗಳೇ ಕಾಣುವುದಿಲ್ಲ. ಮೈಲುತುತ್ತು ಕಪ್ಪೆಗೂ ವಿಷವೇ? (ಓದುಗರು, ಬಂಟ್ವಾಳ)

ಉತ್ತರ: ದೊಡ್ಡ ಕಪ್ಪೆಗೆ ಅಷ್ಟಿಲ್ಲ, ಗೊದಮೊಟ್ಟೆಗೆ ಹೌದು. ಮೈಲುತುತ್ತು, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣದ ತಾಮ್ರ ನೀರಿಗಿಳಿದರೆ ಗೊದಮೊಟ್ಟೆಯ ಕಿವಿರು ಕೆಡುತ್ತದೆ. ಪ್ರಮಾಣ ಕಡಿಮೆಯಿದ್ದರೂ ಬೆಳವಣಿಗೆ ಕುಂಠಿತವಾಗಬಹುದು. ಕಾಲವೂ ಕೂಡಿಬಂದಿದೆ. ಕೊಳೆರೋಗಕ್ಕೆ ಮೊದಲ ಮದ್ದು ಮಳೆ ಹಿಡಿಯುವ ಹೊತ್ತಿಗೆ, ಎರಡನೆಯದು 40-45 ದಿನ ಬಿಟ್ಟು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಹೆಚ್ಚಿನ ಕಪ್ಪೆಗಳು ಮೊಟ್ಟೆಯಿಡುವುದೂ ಅದೇ ಮಳೆಗೆ.

ಬೋರ್ಡೋ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋ ತುತ್ತು, ಒಂದು ಕಿಲೋ ಸುಣ್ಣ. ಸುಣ್ಣ ಸಾಲದಿದ್ದರೆ ತಾಮ್ರ ಬಿಡಿಯಾಗಿ ಉಳಿಯುತ್ತದೆ, ಅಪಾಯ ಅದರಿಂದಲೇ. ಕತ್ತಿ ಅದ್ದಿ ನೋಡಿ, ಅಲಗು ಕೆಂಪಾದರೆ ಇನ್ನಷ್ಟು ಸುಣ್ಣ ಹಾಕುವ ಹಳೆಯ ಪರೀಕ್ಷೆ ಎಳೆಕಾಯಿ ಉಳಿಸಲೆಂದು ಮಾಡುವುದು; ಗೊದಮೊಟ್ಟೆಗೂ ಅದು ಒಳ್ಳೆಯದೇ. ಡ್ರಮ್ ತೊಳೆದ ನೀರನ್ನು ಮಾತ್ರ ಕಣಿಗೆ ಚೆಲ್ಲಬೇಡಿ.

ಆದರೆ ನನ್ನ ಅನುಮಾನ ಕಳೆನಾಶಕದ ಮೇಲೇ ಹೆಚ್ಚು. ಗ್ಲೈಫೋಸೇಟ್‌ಗಿಂತ, ಅದು ಎಲೆಗೆ ಅಂಟಲೆಂದು ಬೆರೆಸುವ ಸಾಬೂನಿನಂಥ ದ್ರವ್ಯವೇ ಗೊದಮೊಟ್ಟೆಗೆ ಹೆಚ್ಚು ಮಾರಕವೆಂದು ಪ್ರಯೋಗಗಳು ತೋರಿಸಿವೆ. ಬಾಟಲಿಯ ಮೇಲೆ ಇದನ್ನು ಯಾರೂ ದೊಡ್ಡಕ್ಷರದಲ್ಲಿ ಬರೆಯುವುದಿಲ್ಲ.

ಇನ್ನು, ಹಿಂದೆ ಕೊಕ್ಕಡ, ಪಟ್ರಮೆ, ನಿಡ್ಲೆ ಕಡೆಯ ಗೇರುತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್. 2011ರಲ್ಲಿ ನಿಷೇಧವಾದ ಈ ಕೀಟನಾಶಕ ಪ್ರಯೋಗಗಳಲ್ಲಿ ತೀರಾ ಅಲ್ಪ ಪ್ರಮಾಣದಲ್ಲೇ ಗೊದಮೊಟ್ಟೆಗಳನ್ನು ಕೊಂದಿದೆ; ಶುದ್ಧ ನೀರಿಗೆ ಬದಲಿಸಿದ ಮೇಲೂ ಕೆಲವು ಜಾತಿಗಳು ಸಾಯುತ್ತಲೇ ಇದ್ದವು.