ಜಾಲತಾಣದ ಸರ್ವರ್‌ಗೆ ಕಾರ್ಯಾಚರಣಾ ವ್ಯವಸ್ಥೆ: ಬೆಲೆಗಿಂತ ಅವಧಿ ಮುಖ್ಯ

ಬೆಳಗಾವಿಯ ಉದ್ಯಮಬಾಗ, ಮಚ್ಛೆ ಭಾಗಗಳ ಎರಕದ ಕಾರ್ಖಾನೆಗಳಿಗೂ ಹೈಡ್ರಾಲಿಕ್ ಬಿಡಿಭಾಗ ತಯಾರಕರಿಗೂ ಜಾಲತಾಣವೆಂದರೆ ವಿಳಾಸ ಮತ್ತು ದೂರವಾಣಿ ಸಂಖ್ಯೆಯುಳ್ಳ ಒಂದು ಪುಟ ಎಂಬ ಕಾಲವೊಂದಿತ್ತು. ಇಂದು ದೂರದ ಖರೀದಿದಾರರು ನಕ್ಷೆ, ಪರೀಕ್ಷಾ ಪ್ರಮಾಣಪತ್ರ, ರವಾನೆಯ ವಿವರಗಳನ್ನು ಜಾಲತಾಣದಲ್ಲಿಯೇ ಅಪೇಕ್ಷಿಸುತ್ತಾರೆ. ಖಾನಾಪುರದ ಹೆಂಚು ಹಾಗೂ ಮಣ್ಣಿನ ಸಾಮಗ್ರಿಗಳ ತಯಾರಕರು ಸಹ ಮಾದರಿಗಳ ಛಾಯಾಚಿತ್ರ ಮತ್ತು ದರಪಟ್ಟಿಯನ್ನು ಪ್ರಕಟಿಸಿ ಬೇಡಿಕೆ ಪಡೆಯಬಹುದಾಗಿದೆ. ಇದಕ್ಕಾಗಿ ಪ್ರತ್ಯೇಕ ಸರ್ವರ್ ಪಡೆಯುವ ಉದ್ಯಮಿಯ ಮುಂದೆ ಬರುವ ಮೊದಲ ಪ್ರಶ್ನೆ, ವಿಂಡೋಸೋ ಲಿನಕ್ಸೋ ಎಂಬುದು. ನಾಲ್ಕಾರು ಪುಟಗಳ ಜಾಲತಾಣವನ್ನು ಇತರರೊಡನೆ ಹಂಚಿಕೊಂಡ ಸರ್ವರ್‌ನಲ್ಲಿ ಇರಿಸಿದವರಿಗೆ ಈ ತೊಡಕಿಲ್ಲ. ಅಲ್ಲಿ ಆಯ್ಕೆ ಬಾಡಿಗೆಗೆ ಕೊಟ್ಟವರದು.

ಕಚೇರಿಯಲ್ಲಿ ಟ್ಯಾಲಿ ವಿಂಡೋಸ್‌ನಲ್ಲಿ ನಡೆಯುತ್ತದೆ, ಆದ್ದರಿಂದ ಸರ್ವರ್ ಕೂಡ ವಿಂಡೋಸ್ ಆಗಿರಬೇಕು ಎಂಬ ವಾದಕ್ಕೆ ಆಧಾರವಿಲ್ಲ. ಜಾಲತಾಣ ನೋಡುವ ಗ್ರಾಹಕನಿಗೆ ಆ ವ್ಯತ್ಯಾಸ ತಿಳಿಯುವುದೇ ಇಲ್ಲ. ಜಾಲತಾಣವನ್ನು ಹಳೆಯ ಡಾಟ್‌ನೆಟ್ ಫ್ರೇಮ್‌ವರ್ಕ್‌ನಲ್ಲಿ ಬರೆಸಿದ್ದರೆ ಮಾತ್ರ ವಿಂಡೋಸ್ ಸರ್ವರ್ ಅನಿವಾರ್ಯ. 2016ರ ನಂತರದ ಡಾಟ್‌ನೆಟ್ ಕೋರ್ ಲಿನಕ್ಸ್‌ನಲ್ಲಿಯೂ ನಡೆಯುತ್ತದೆ. ಪಿಎಚ್‌ಪಿ ಆಧಾರಿತ ತಾಣಗಳಿಗಂತೂ ಲಿನಕ್ಸ್ ರೂಢಿಯ ಮನೆ. ವಿಂಡೋಸ್ ಸರ್ವರ್‌ನ ಪರವಾನಗಿಯನ್ನು ಸಂಸ್ಕಾರಕದ ಕೋರ್‌ಗಳ ಲೆಕ್ಕದಲ್ಲಿ, ಯಂತ್ರವೊಂದಕ್ಕೆ ಕನಿಷ್ಠ 16 ಕೋರ್‌ಗಳಿಗೆ ಕೊಳ್ಳಬೇಕಾಗುತ್ತದೆ. ಡೆಬಿಯನ್, ಉಬುಂಟು ಮುಂತಾದವುಗಳಿಗೆ ಪರವಾನಗಿ ಶುಲ್ಕವಿಲ್ಲ.

ಆದರೆ ಉಚಿತವೆಂಬುದೊಂದೇ ಸಾಲದು ಎಂಬುದನ್ನು ಸೆಂಟ್‌ಒಎಸ್ ಪ್ರಸಂಗ ತೋರಿಸಿಕೊಟ್ಟಿದೆ. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್‌ನ ಮೂಲ ಸಂಕೇತದಿಂದ ಸಿದ್ಧಗೊಂಡು ಶುಲ್ಕವಿಲ್ಲದೆ ದೊರೆಯುತ್ತಿದ್ದ ಇದನ್ನು ಸರ್ವರ್‌ಗಳಿಗೆ ವ್ಯಾಪಕವಾಗಿ ಬಳಸಲಾಗುತ್ತಿತ್ತು. 2019ರಲ್ಲಿ ಬಂದ 8ನೇ ಆವೃತ್ತಿಗೆ 2029ರವರೆಗೆ ಭದ್ರತಾ ತಿದ್ದುಪಡಿಗಳು ದೊರೆಯುವವೆಂದು ನಂಬಲಾಗಿತ್ತು. 2020ರ ಡಿಸೆಂಬರ್‌ನಲ್ಲಿ ಆ ಯೋಜನೆ ಬದಲಾಯಿತು. 2021ರ ಡಿಸೆಂಬರ್ 31ಕ್ಕೆ ಅದರ ಬೆಂಬಲ ಕೊನೆಗೊಂಡಿತು. ಹಿಂದಿನ 7ನೇ ಆವೃತ್ತಿಯದು 2024ರ ಜೂನ್ 30ಕ್ಕೆ ಮುಗಿಯಿತು. 2021ರಲ್ಲಿಯೇ ಆಲ್ಮಾಲಿನಕ್ಸ್, ರಾಕಿ ಲಿನಕ್ಸ್ ಎಂಬ ಬದಲಿಗಳು ಬಂದವು, 8ನೇ ಆವೃತ್ತಿಯವರು ಸರ್ವರನ್ನು ಹೊಸದಾಗಿ ಕಟ್ಟದೆಯೇ ಅವುಗಳಿಗೆ ವರ್ಗಾಯಿಸಿಕೊಳ್ಳಬಹುದಾಗಿತ್ತು. ಅಂದರೆ ಸರ್ವರ್ ನೋಡಿಕೊಳ್ಳುವವರಿದ್ದ ಸಂಸ್ಥೆಗೆ ಇದು ಕೆಲವು ದಿನಗಳ ಕೆಲಸ; ಇಲ್ಲದ ಸಂಸ್ಥೆಗೆ ಸುದ್ದಿಯೇ ತಲುಪದಿರುವ ಸಂಭವ. ಹಣ ಕೊಟ್ಟು ಕೊಂಡದ್ದಕ್ಕೂ ಕೊನೆಯ ದಿನಾಂಕವಿರುತ್ತದೆ: ವಿಂಡೋಸ್ ಸರ್ವರ್ 2012ರ ಸಾಮಾನ್ಯ ಬೆಂಬಲ 2023ರ ಅಕ್ಟೋಬರ್ 10ಕ್ಕೆ ತೀರಿತು.

ಅವಧಿ ಮುಗಿದರೂ ಸರ್ವರ್ ನಿಲ್ಲುವುದಿಲ್ಲ, ಅಪಾಯವಿರುವುದು ಅಲ್ಲಿಯೇ. ಇಂಡಕ್ಷನ್ ಕುಲುಮೆಯ ಲೈನಿಂಗ್ ಸವೆದಿದ್ದರೂ ಕೆಲಕಾಲ ಕಬ್ಬಿಣ ಕರಗುತ್ತಲೇ ಇರುತ್ತದೆಂಬುದು ಫೌಂಡ್ರಿಯವರಿಗೆ ಹೇಳಬೇಕಾದ ಮಾತಲ್ಲ. ಗ್ರಾಹಕನ ನಕ್ಷೆಗಳು ಸೋರಿಹೋದರೆ ಕಳೆದುಹೋಗುವುದು ಆ ಗ್ರಾಹಕನೇ.

ಆದ್ದರಿಂದ ಕೊಳ್ಳುವ ಮುನ್ನ ದಿನಾಂಕ ನೋಡುವುದು ಲೇಸು. ವಿಂಡೋಸ್ ಸರ್ವರ್ 2022ಕ್ಕೆ 2031ರ ಅಕ್ಟೋಬರ್‌ವರೆಗೆ, ಆಲ್ಮಾಲಿನಕ್ಸ್ 9 ಮತ್ತು ರಾಕಿ 9ಕ್ಕೆ 2032ರ ಮೇವರೆಗೆ ಭದ್ರತಾ ತಿದ್ದುಪಡಿಗಳಿವೆ. ಉಬುಂಟುವಿನ ದೀರ್ಘಾವಧಿ ಆವೃತ್ತಿಗಳಿಗೆ ಐದು ವರ್ಷ. ಎರಡನೆಯ ಪ್ರಶ್ನೆ, ತಿದ್ದುಪಡಿ ಹಾಕುವವರು ಯಾರು ಎಂಬುದು. ಮಚ್ಛೆಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಉದ್ಯಮಬಾಗದಲ್ಲಿ ಗೋಗಟೆ ತಾಂತ್ರಿಕ ಸಂಸ್ಥೆ ಇರುವ ಊರಿನಲ್ಲಿ ಲಿನಕ್ಸ್ ಬಲ್ಲ ಯುವಕರಿಗೆ ಕೊರತೆಯಿರಲಾರದು. ಆದರೆ ಸರ್ವರ್ ಕಟ್ಟಿದ ಹುಡುಗ ಬೆಂಗಳೂರಿಗೆ ಹೋದ ಮೇಲೆ ಗುಪ್ತಪದ ಯಾರ ಬಳಿ ಇದೆ? ವಾರ್ಷಿಕ ನಿರ್ವಹಣಾ ಒಪ್ಪಂದವಿಲ್ಲದೆ ಉಚಿತ ವ್ಯವಸ್ಥೆಯೂ ದುಬಾರಿಯೇ. ನಂಬಿಕೆಯ ತಂತ್ರಜ್ಞರು ವಿಂಡೋಸ್ ಮಾತ್ರ ಬಲ್ಲವರಾದರೆ ಪರವಾನಗಿಯ ಹಣ ತೆರುವುದು ತಪ್ಪಲ್ಲ.

ಖಾನಾಪುರದ ಮಳೆಗಾಲ ಬಲ್ಲವರು ಸರ್ವರನ್ನು ಕಾರ್ಖಾನೆಯ ಕೋಣೆಯಲ್ಲಿ ಇಡುವ ಯೋಚನೆ ಬಿಡುವುದೇ ಒಳ್ಳೆಯದು. ವಿದ್ಯುತ್ತೂ ಸಂಪರ್ಕವೂ ಒಟ್ಟಿಗೆ ಕೈಕೊಟ್ಟಾಗ ಯಾವ ವ್ಯವಸ್ಥೆಯಿದ್ದರೇನು? ದತ್ತಾಂಶ ಕೇಂದ್ರವೊಂದರಲ್ಲಿ ಬಾಡಿಗೆಗೆ ಪಡೆಯಬಹುದು. ಲೆಕ್ಕಪತ್ರದ ಗಣಕಯಂತ್ರವನ್ನೇ ಜಾಲತಾಣಕ್ಕೂ ಬಳಸುವುದು ಸರ್ವಥಾ ಸಲ್ಲದು.

ಕಾನೂನಿನ ಅಂಶವೂ ಒಂದಿದೆ. ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳು ಅದೇ ವರ್ಷದ ಸೆಪ್ಟೆಂಬರ್ 25ರಿಂದ ಸಣ್ಣ ಉದ್ದಿಮೆಗಳಿಗೂ ಅನ್ವಯಿಸಿವೆ. ಅವುಗಳಲ್ಲಿ ಸೂಚಿಸಿದ ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು, 180 ದಿನಗಳ ಲಾಗ್ ದಾಖಲೆ ಇರಿಸಬೇಕು. ಲಿನಕ್ಸ್ ಸರ್ವರ್‌ಗಳು ಸಾಮಾನ್ಯವಾಗಿ ಕೆಲವೇ ವಾರಗಳ ಲಾಗ್ ಉಳಿಸಿಕೊಂಡು ಹಳೆಯದನ್ನು ಅಳಿಸುತ್ತವೆ. ಈ ಅವಧಿಯನ್ನು ಹೆಚ್ಚಿಸುವ ಷರತ್ತನ್ನು ನಿರ್ವಹಣಾ ಒಪ್ಪಂದದಲ್ಲಿಯೇ ಬರೆಸಿಕೊಳ್ಳತಕ್ಕದ್ದು.