ನಗರದ ಹಸುರು ಮತ್ತು ಮನೆ ಕಟ್ಟಿಸಿ ಮಾರುವವರು

ಹಸುರು ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಹುಲ್ಲುಹಾಸು, ಹೂಗಿಡ. ಆದರೆ ನಗರಕ್ಕೆ ಬೇಕಾದ ಹಸುರು ವ್ಯವಸ್ಥೆಯ ಬಹುಭಾಗವು ಕಣ್ಣಿಗೆ ಬೀಳುವುದೇ ಇಲ್ಲ. ಮಳೆನೀರನ್ನು ಹೀರುವ ಇಂಗುಗುಂಡಿ, ಮಿಕ್ಕ ನೀರನ್ನು ಕೆರೆಗೊಯ್ಯುವ ಕಾಲುವೆ, ಕೊಳಚೆಯನ್ನು ಶುದ್ಧಗೊಳಿಸುವ ಘಟಕ, ಮರದ ಬೇರಿಗೆಂದು ಬಿಟ್ಟ ಬರಿ ಮಣ್ಣು ಇವೆಲ್ಲವೂ ಅದರ ಅಂಗಗಳೇ. ಇದರಲ್ಲಿ ಬಿಲ್ಡರುಗಳ ಪಾಲೆಷ್ಟು ಎಂಬುದನ್ನು ಬೆಂಗಳೂರಿನ ನಿದರ್ಶನದಿಂದ ನೋಡೋಣ.

ಹಿಂದೆ ಅಲ್ಲಿ ಪೇಟೆ ಕಟ್ಟಿದವರೇ ಕೆರೆಯನ್ನೂ ಕಟ್ಟಿಸಿದರು. ಕೆಂಪೇಗೌಡರ ಕೆಂಪಾಂಬುಧಿ ಇಂದಿಗೂ ಇದೆ. ಧರ್ಮಾಂಬುಧಿ ಇದ್ದೆಡೆ ಈಗ ಬಸ್ಸುಗಳು ನಿಲ್ಲುತ್ತವೆ.

ಆ ನಗರದಲ್ಲಿ ವರ್ಷಕ್ಕೆ ಸರಾಸರಿ ಸುಮಾರು 970 ಮಿಲಿಮೀಟರು ಮಳೆಯಾಗುವುದು. 100 ಚದರ ಮೀಟರಿನ ತಾರಸಿಯ ಮೇಲೆ 1 ಮಿಲಿಮೀಟರು ಮಳೆ ಬಿದ್ದರೆ 100 ಲೀಟರು; ಎಂದರೆ ವರ್ಷಕ್ಕೆ 97,000 ಲೀಟರು. ಆವಿಯಾಗಿ, ಸೋರಿ ಹೋದುದನ್ನು ಕಳೆದರೂ ಇದು ಅಲ್ಪವಲ್ಲ. ಇಷ್ಟಿದ್ದೂ ಕಾವೇರಿಯನ್ನು ಸುಮಾರು 100 ಕಿಲೋಮೀಟರು ದೂರದಿಂದ ಮೇಲಕ್ಕೇರಿಸಿ ತರಬೇಕಾಗಿದೆ. 2022ರ ಸೆಪ್ಟೆಂಬರಿನಲ್ಲಿ ನೆರೆಯೊಳಗಿನ ಜನ ಟ್ರ್ಯಾಕ್ಟರುಗಳಲ್ಲಿ ಹೊರಬಂದರು. 2024ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿ ಟ್ಯಾಂಕರಿಗಾಗಿ ಕಾದರು. ನೀರು ಇಂಗಲು ಎಡೆಯಿಲ್ಲದುದೂ ಈ ಎರಡಕ್ಕೂ ಒಂದು ಕಾರಣವೇ.

ಹಾಗಾದರೆ ಬಿಲ್ಡರನೇ ಏಕೆ? ನೆಲವು ತೆರೆದಿರುವುದು ಅವನ ಕೈಯಲ್ಲಿದ್ದಾಗ ಮಾತ್ರ. ನನ್ನ ತಂದೆಯವರು ಗಾರೆ ಕೆಲಸದವರು. ಪಾಯ ತೆಗೆಯುವಾಗಲೇ ಇಂಗುಗುಂಡಿ ತೋಡಿದರೆ ಒಂದೆರಡು ಆಳಿನ ಕೂಲಿ ಹೆಚ್ಚಾಗಬಹುದು, ಅಷ್ಟೆ. ಮನೆಯಾದ ಮೇಲಾದರೆ ನೆಲ ಒಡೆಯಬೇಕು, ಮನೆಯವರ ಬೈಗುಳವನ್ನೂ ಕೇಳಬೇಕು ಎಂಬುದು ಅವರ ಮಾತು. ಶುದ್ಧೀಕರಿಸಿದ ನೀರನ್ನು ಶೌಚಕ್ಕೆ ಬಳಸಲು ಬೇಕಾದ ಎರಡನೆಯ ಕೊಳವೆಯದೂ ಇದೇ ಕಥೆ. ಗೋಡೆ ಏಳುವ ಮುನ್ನ ಹಾಕಿದರೆ ಸುಲಭ, ಆಮೇಲೆ ಬಹು ದುಬಾರಿ.

ಕಾನೂನು ಇಲ್ಲದಿಲ್ಲ. 2009ರ ತಿದ್ದುಪಡಿಯಂತೆ ಬೆಂಗಳೂರಿನಲ್ಲಿ 30×40 ಅಡಿಯ ನಿವೇಶನದ ಹೊಸ ಮನೆಗೂ ಮಳೆನೀರಿನ ಕೊಯ್ಲು ಕಡ್ಡಾಯವಾಯಿತು. ಅಭಿವೃದ್ಧಿ ಪ್ರಾಧಿಕಾರದ ಬಡಾವಣೆಗಳಲ್ಲಿ ಶೇ. 15ರಷ್ಟು ನೆಲವನ್ನು ಉದ್ಯಾನ, ಆಟದ ಬಯಲುಗಳಿಗೆ ಬಿಡಬೇಕೆಂದು ಕಾಯಿದೆಯೇ ಹೇಳುತ್ತದೆ. ಆದರೆ ಮಾರುವವನು ಕೊಳ್ಳುವವರು ಕೇಳಿದ್ದನ್ನೇ ಕೊಡುವನು. ವಾಸ್ತು ಕೇಳುವವರುಂಟು, ಈಜುಕೊಳ ಕೇಳುವವರುಂಟು; ಮಳೆನೀರು ಎತ್ತ ಹರಿಯುವುದೆಂದು ಕೇಳುವವರು ವಿರಳ. ಆದುದರಿಂದಲೇ ಜಾಹೀರಾತಿನ ಚಿತ್ರದಲ್ಲಿರುವಷ್ಟು ಹಸುರು ಎಷ್ಟೋ ಕಡೆ ನೆಲದ ಮೇಲಿರುವುದಿಲ್ಲ.

ಮಾರಿದ ಮೇಲಿನ ಪ್ರಶ್ನೆ ಇನ್ನೂ ಕಠಿಣವಾದುದು. 2016ರ ರೇರಾ ಕಾಯಿದೆಯಂತೆ, ಮನೆ ವಶಕ್ಕೆ ಬಂದ 5 ವರ್ಷಗಳೊಳಗೆ ಕಟ್ಟಡದಲ್ಲಿಯಾಗಲಿ ಒಪ್ಪಿಕೊಂಡ ಸೌಕರ್ಯದಲ್ಲಿಯಾಗಲಿ ದೋಷ ಕಂಡು ತಿಳಿಸಿದರೆ, ಬಿಲ್ಡರನು 30 ದಿನಗಳಲ್ಲಿ ತನ್ನ ಖರ್ಚಿನಿಂದಲೇ ಸರಿಪಡಿಸತಕ್ಕದ್ದು. ಅನಂತರ ಗುಂಡಿಯ ಹೂಳು ತೆಗೆಯುವುದು, ಘಟಕದ ವಿದ್ಯುತ್ ಬಿಲ್ಲು ಕಟ್ಟುವುದು ನಿವಾಸಿಗಳ ಸಂಘದ ಪಾಲಿಗೆ ಬೀಳುತ್ತದೆ. ಯಾವ ಕೊಳವೆ ಎಲ್ಲಿದೆ, ಗುಂಡಿ ಯಾವ ಚಪ್ಪಡಿಯ ಅಡಿಯಲ್ಲಿದೆ ಎಂಬ ನಕ್ಷೆಯನ್ನು ಬಿಲ್ಡರನು ಬೀಗದ ಕೈಯೊಡನೆ ಕೊಟ್ಟು ಹೋಗದಿದ್ದರೆ, ಹೂಳು ತೆಗೆಯಬಂದವನು ಅಂಗಳವನ್ನೆಲ್ಲ ಅಗೆಯಬೇಕಾದೀತು.