ನಲವತ್ತು ದಾಟಿದ ಮೇಲೆ ಮತ್ತೆ ಸಾಮು

ಶ್ರವಣಬೆಳಗೊಳದ ವಿಂಧ್ಯಗಿರಿಯ ಮೆಟ್ಟಿಲುಗಳಿಗೆ ದಾಕ್ಷಿಣ್ಯವೆಂಬುದು ತಿಳಿಯದು. ಬರಿಗಾಲಿನಲ್ಲಿ ಹತ್ತಬೇಕಾದ, ಬಂಡೆಯಲ್ಲಿಯೇ ಕಡೆದ ಆ ಆರುನೂರಕ್ಕೂ ಮಿಕ್ಕ ಸೋಪಾನಗಳು ಗೃಹಸ್ಥನ ವಯಸ್ಸನ್ನು ಅವನ ಜಾತಕಕ್ಕಿಂತ ಖಚಿತವಾಗಿ ಹೇಳಿಬಿಡುತ್ತವೆ. ಕಾಲೇಜಿನ ದಿನಗಳಲ್ಲಿ ಒಂದೇ ಉಸಿರಿಗೆ ಓಡಿ ಹತ್ತಿದ್ದ ಮಹರಾಯನೇ ಇಪ್ಪತ್ತೈದು ವರ್ಷಗಳ ತರುವಾಯ ಚನ್ನರಾಯಪಟ್ಟಣದಿಂದ ಹೆಂಡತಿ ಮಕ್ಕಳೊಡನೆ ಬಂದಿಳಿದು, ನೂರನೆಯ ಮೆಟ್ಟಿಲಿನ ಬಳಿ ನಿಂತು, ಕೆಳಗಿನ ಕಲ್ಯಾಣಿಯನ್ನೂ ತೆಂಗಿನ ತೋಪುಗಳನ್ನೂ ತದೇಕಚಿತ್ತನಾಗಿ ನೋಡತೊಡಗುತ್ತಾನೆ. ಪ್ರಕೃತಿ ಸೌಂದರ್ಯದಲ್ಲಿ ಅವನಿಗೆ ಹಠಾತ್ತನೆ ಹುಟ್ಟಿದ ಈ ಅಭಿರುಚಿಯ ಮರ್ಮ ಮಕ್ಕಳಿಗೆ ತಿಳಿಯದಿದ್ದರೂ ಮಡದಿಗೆ ತಿಳಿದಿರುತ್ತದೆ.

ಇದನ್ನು ಕೇವಲ ಸೋಮಾರಿತನವೆಂದು ಜರೆಯುವುದು ನ್ಯಾಯವಲ್ಲ. ವಿದ್ಯಾಭ್ಯಾಸ ಮುಗಿಯಿತು, ನೌಕರಿ ದೊರೆಯಿತು, ಮದುವೆಯಾಯಿತು. ತಂಗಿಯ ಮದುವೆ, ಮನೆಯ ಸಾಲ, ಮಕ್ಕಳ ಪರೀಕ್ಷೆ ಒಂದರ ಹಿಂದೊಂದು ಬಂದುವು. ಈ ನಡುವೆ ಯಾವ ದಿನ ವ್ಯಾಯಾಮ ನಿಂತಿತೆಂದು ಕೇಳಿದರೆ ಯಾರೂ ಹೇಳಲಾರರು. ಅದು ನಿಂತದ್ದಲ್ಲ, ಬತ್ತಿದ್ದು.

ಆದರೆ 2025ರಲ್ಲಿ ಹಾಸನ ಜಿಲ್ಲೆಯ ಜನ ಈ ವಿಷಯವನ್ನು ನಕ್ಕು ಮರೆಯದಂತಾಯಿತು. ಆ ವರ್ಷದ ಮೇ–ಜೂನ್ ತಿಂಗಳುಗಳಲ್ಲಿ, ಸುಮಾರು ನಲವತ್ತು ದಿನಗಳೊಳಗೆ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಮೃತರಾದರೆಂಬ ವಾರ್ತೆ ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಬರತೊಡಗಿತು. ಅವರಲ್ಲಿ ಎಳೆಯ ಹರೆಯದವರೂ ಇದ್ದರು. ಮನೆಮನೆಯಲ್ಲಿಯೂ ಭೀತಿ ಹೊಕ್ಕಿತು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗಾಗಿ ಜನ ಕಿಕ್ಕಿರಿದರು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ತಜ್ಞರ ಸಮಿತಿಯನ್ನು ನೇಮಿಸಿತು. ಸಾವುಗಳ ಸಂಖ್ಯೆಯಲ್ಲಿ ಅಸಹಜವಾದ ಏರಿಕೆ ಕಂಡುಬಂದಿಲ್ಲವೆಂಬುದು ಜುಲೈ ತಿಂಗಳಲ್ಲಿ ಹೊರಬಿದ್ದ ವರದಿಯ ಸಾರ. ಅದು ಬೊಟ್ಟುಮಾಡಿದ್ದು ಮಧುಮೇಹ, ರಕ್ತದೊತ್ತಡ, ಧೂಮಪಾನ ಮುಂತಾದ ಹಳೆಯ ಪರಿಚಿತರನ್ನೇ. ಮೃತರಲ್ಲಿ ಆಟೋ, ಕಾರುಗಳ ಚಾಲಕರೂ ಹಲವರಿದ್ದರು. ಹೊಸ ವ್ಯಾಧಿಯಲ್ಲವೆಂಬುದು ಸಮಾಧಾನವೇ ಸರಿ. ಆದರೆ ಕೊಲ್ಲುವುದಕ್ಕೆ ಹಳೆಯವೇ ಸಾಕೆಂಬುದೂ ಅಷ್ಟೇ ನಿಜ. ಸಾಲಿನಲ್ಲಿ ನಿಂತು ಪಡೆದ ಇ.ಸಿ.ಜಿ. ಚೀಟಿ ಆ ಒಂದು ದಿನದ ಸಮಾಚಾರವನ್ನು ಹೇಳೀತು. ಮುಂದಿನ ಹತ್ತು ವರ್ಷಗಳ ಹೊಣೆಯನ್ನು ಅದು ಹೊರಲಾರದು.

ಚಾಲಕರ ಮಾತು ಬಂದುದರಿಂದ ಲಂಡನ್ನಿನ ಒಂದು ವೃತ್ತಾಂತವನ್ನು ಇಲ್ಲಿ ಹೇಳಬಹುದು. ಜೆರೆಮಿ ಮಾರಿಸ್ ಎಂಬ ವೈದ್ಯರು ಆ ನಗರದ ಎರಡಂತಸ್ತಿನ ಬಸ್ಸುಗಳ ಸಿಬ್ಬಂದಿಯನ್ನು ಪರಿಶೀಲಿಸಿ 1953ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಒಂದೇ ಬಸ್ಸು, ಒಂದೇ ಹೊಗೆ. ಆದರೂ ಕುಳಿತು ಓಡಿಸುವ ಡ್ರೈವರನಿಗಿಂತ, ದಿನಕ್ಕೆ ಐನೂರರಿಂದ ಏಳುನೂರೈವತ್ತು ಮೆಟ್ಟಿಲು ಹತ್ತಿಳಿದು ಟಿಕೆಟ್ ಕೊಡುವ ಕಂಡಕ್ಟರನಿಗೆ ಹೃದಯಾಘಾತ ಗಣನೀಯವಾಗಿ ಕಡಿಮೆಯೆಂದು ಕಂಡುಬಂತು. ಸಂಶಯಾತ್ಮರು ಸುಮ್ಮನಿರಲಿಲ್ಲ. ಸಮವಸ್ತ್ರದ ಅಳತೆಗಳನ್ನು ತೆಗೆಸಿ ನೋಡಿದಾಗ ಡ್ರೈವರುಗಳು ಕೆಲಸಕ್ಕೆ ಸೇರುವಾಗಲೇ ಸೊಂಟದಲ್ಲಿ ದಪ್ಪಗಿದ್ದರೆಂದು ತಿಳಿಯಿತು. ಇದನ್ನು ಪ್ರಕಟಿಸಿದವರೂ ಮಾರಿಸ್ ಅವರೇ! ಆದರೆ ಮುಂದಿನ ಸಂಶೋಧನೆಗಳು ಮೂಲ ಮಾತನ್ನೇ ಎತ್ತಿಹಿಡಿದುವು. 1910ರಲ್ಲಿ ಹುಟ್ಟಿದ ಮಾರಿಸ್ ಸ್ವತಃ ವ್ಯಾಯಾಮನಿಷ್ಠರಾಗಿ 2009ರವರೆಗೆ ಬದುಕಿದ್ದರು.

ಅಷ್ಟು ದೂರ ಹೋಗಬೇಕಾದುದೂ ಇಲ್ಲ. ಹಳೆಯ ಮೈಸೂರಿನ ಊರೂರುಗಳಲ್ಲಿ ಗರಡಿಮನೆಗಳಿದ್ದುವು. ಕೆಮ್ಮಣ್ಣಿನ ಮಟ್ಟಿಯ ಮೇಲೆ ದಂಡ, ಬಸ್ಕಿ, ಲೋಡು ತಿರುಗಿಸುವುದು ನಡೆಯುತ್ತಿದ್ದಿತು. ಸಾಮು ಬಿಟ್ಟರೂ ಊಟದ ಅಳತೆಯನ್ನು ಬಿಡದ ಪೈಲ್ವಾನನ ದೇಹ ಏನಾಗುವುದೆಂಬುದು ಅಲ್ಲಿಯ ಹಿರಿಯರಿಗೆಲ್ಲ ಗೊತ್ತಿದ್ದ ಸಂಗತಿ. ಇನ್ನು ಹಾಸನದ ಜ್ಯೂಬಿಲಿ ಹಾಲಿನಲ್ಲಿ 1927ರ ನವೆಂಬರಿನಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಆಸನಗಳ ಪ್ರದರ್ಶನವಿತ್ತರು. ಆಗ ಅವರು ಇದೇ ಜಿಲ್ಲೆಯ ಕಾಫಿ ತೋಟವೊಂದರಲ್ಲಿ ಉದ್ಯೋಗದಲ್ಲಿದ್ದರು. ಸಭೆಯಲ್ಲಿದ್ದ ಹಾಸನದ ಬಳಿಯ ಕೌಶಿಕ ಗ್ರಾಮದ ಹನ್ನೆರಡರ ಬಾಲಕನೊಬ್ಬ ಮರುದಿನವೇ ಅವರ ಶಿಷ್ಯನಾದನು. ಮುಂದೆ ಮೈಸೂರಿನ ಲಕ್ಷ್ಮೀಪುರಂನಿಂದ ಅಷ್ಟಾಂಗ ಯೋಗವನ್ನು ಲೋಕಕ್ಕೆಲ್ಲ ಹಂಚಿದ ಪಟ್ಟಾಭಿ ಜೋಯಿಸರೇ ಆ ಬಾಲಕ. ಈ ಕಥೆಯನ್ನು ಹೇಳುವವರೆಲ್ಲ ಬಾಲಕನನ್ನೇ ನೆನೆಯುತ್ತಾರೆ. ಆದರೆ ಆ ದಿನ ವೇದಿಕೆಯ ಮೇಲೆ ಮೈಯನ್ನು ಬಿಲ್ಲಿನಂತೆ ಬಾಗಿಸಿದ ಆಚಾರ್ಯರಿಗೆ ನಲವತ್ತು ಸಮೀಪಿಸಿತ್ತೆಂಬುದು ನಡುವಯಸ್ಸಿನವರ ಗಮನಕ್ಕೆ ಬರಬೇಕಾದ ವಿಷಯ. ಕೃಷ್ಣಮಾಚಾರ್ಯರ ಮತ್ತೊಬ್ಬ ಶಿಷ್ಯರಾದ ಬಿ.ಕೆ.ಎಸ್. ಅಯ್ಯಂಗಾರ್ಯರ ಉದಾಹರಣೆ ಇನ್ನೂ ಹತ್ತಿರದ್ದು. ಅರವತ್ತರ ಸುಮಾರಿನಲ್ಲಿ, 1979ರಲ್ಲಿ, ಸ್ಕೂಟರ್ ಅಪಘಾತದಿಂದ ಅವರು ತೀವ್ರವಾಗಿ ಗಾಯಗೊಂಡರು. ಜಗತ್ತಿಗೆ ಕಲಿಸಿದ ಆಸನಗಳು ಅವರ ದೇಹಕ್ಕೇ ಒಗ್ಗದೆ ಹೋದುವು. ಅವರು ಮೊದಲ ಪಾಠದಿಂದ ಪುನಃ ಆರಂಭಿಸಿ ವರ್ಷಗಟ್ಟಲೆ ಸಾಧನೆ ಮಾಡಿ ಕಳೆದುದನ್ನು ಗಳಿಸಿಕೊಂಡರು.

ಅವರು ಅಸಾಮಾನ್ಯರು, ಸಂಸಾರಿಗಳಿಗೆ ಅದು ಸಾಧ್ಯವೆ, ಎಂದು ವಾಚಕರು ಕೇಳಬಹುದು. ಅಮೆರಿಕದ ಡಲ್ಲಾಸಿನಲ್ಲಿ 1966ರಲ್ಲಿ ಇಪ್ಪತ್ತು ವರ್ಷದ ಐವರು ತರುಣರನ್ನು ಮೂರು ವಾರ ಹಾಸಿಗೆಯಲ್ಲಿ ಮಲಗಿಸಿ ಅವರ ದೇಹಶಕ್ತಿ ಎಷ್ಟು ಕುಗ್ಗುವುದೆಂದು ಅಳೆದರು. ಮೂವತ್ತು ವರ್ಷಗಳ ಮೇಲೆ ಅದೇ ಐವರನ್ನು ಮತ್ತೆ ಕರೆಸಿ ನೋಡಿದರು. ತೂಕ ಒಬ್ಬೊಬ್ಬರಿಗೂ ಸರಾಸರಿ ಇಪ್ಪತ್ತು ಕಿಲೋಗ್ರಾಮಿಗೆ ಮಿಗಿಲಾಗಿ ಏರಿತ್ತು. ಆದರೂ ಮೂವತ್ತು ವರ್ಷಗಳ ವಯಸ್ಸು ಮಾಡಿದ ಕೇಡು ಅಂದಿನ ಮೂರು ವಾರಗಳ ಹಾಸಿಗೆ ಮಾಡಿದ ಕೇಡಿಗಿಂತ ಕಡಿಮೆಯಾಗಿದ್ದಿತು! ಬಳಿಕ ಆರು ತಿಂಗಳ ಕಾಲ ನಡಿಗೆ, ನಿಧಾನದ ಓಟ, ಸೈಕಲ್ ತುಳಿತಗಳನ್ನು ಮೆಲ್ಲಮೆಲ್ಲನೆ ಹೆಚ್ಚಿಸುತ್ತ ಹೋದಾಗ, ಐವತ್ತರ ಆ ಗೃಹಸ್ಥರ ಉಸಿರಿನ ಕಸುವು ಅವರು ಇಪ್ಪತ್ತರಲ್ಲಿ ಪ್ರಯೋಗಕ್ಕೆ ಬಂದ ದಿನ ಇದ್ದ ಮಟ್ಟವನ್ನು ಮುಟ್ಟಿತು. ತೂಕವೇನೋ ನಾಲ್ಕೈದು ಕಿಲೋಗ್ರಾಮು ಮಾತ್ರ ಇಳಿಯಿತು. ತಕ್ಕಡಿಯನ್ನೇ ನೋಡಿ ನಿರಾಶರಾಗಿ ಮೂರನೆಯ ವಾರ ಬಿಟ್ಟುಬಿಡುವವರು ಈ ಅಂಶವನ್ನು ಗಮನಿಸುವುದು ಒಳಿತು.

ಮರಳಿ ಆರಂಭಿಸುವವರ ಕಂಟಕ ಬೇರೆಯದೇ ಇದೆ: ಹಳೆಯ ಪ್ರತಾಪದ ನೆನಪು. ಕಾಲೇಜು ಕಬಡ್ಡಿ ತಂಡದ ನಾಯಕನಾಗಿದ್ದವನು, ತಾನು ಬಿಟ್ಟ ಸ್ಥಳದಿಂದಲೇ ಮುಂದುವರಿಯಬಹುದೆಂದು ಭಾವಿಸಿ, ಮೊದಲ ಭಾನುವಾರವೇ ಹಾಸನದ ಜಿಲ್ಲಾ ಕ್ರೀಡಾಂಗಣಕ್ಕಿಳಿದು, ಸೋಮವಾರ ಕುಂಟುತ್ತ ಕಚೇರಿಗೆ ಹೋಗುತ್ತಾನೆ. ಸ್ನಾಯುಗಳು ಕೆಲವೇ ವಾರಗಳಲ್ಲಿ ಚೇತರಿಸಿಕೊಳ್ಳುತ್ತವೆ. ಅವನ್ನು ಎಲುಬಿಗೆ ಬಿಗಿಯುವ ಸ್ನಾಯುರಜ್ಜುಗಳು ಬಲಗೊಳ್ಳುವುದಕ್ಕೆ ತಿಂಗಳುಗಳು ಬೇಕು. ಹಿಮ್ಮಡಿ ಮೊಣಕಾಲುಗಳ ನೋವೆಲ್ಲ ಈ ಅಂತರದಲ್ಲಿ ಹುಟ್ಟುವಂಥವು. ಜೋಯಿಸರ ಶಾಲೆಯಲ್ಲಿ ಒಂದು ಆಸನ ಕೈವಶವಾಗದೆ ಮುಂದಿನದನ್ನು ಹೇಳಿಕೊಡುತ್ತಿರಲಿಲ್ಲ. ನಡಿಗೆಗೂ ಅದೇ ನಿಯಮ ಸಲ್ಲುತ್ತದೆ: ಮೊದಲ ವಾರ ದಿನಕ್ಕೆ ಹತ್ತು ಹದಿನೈದು ನಿಮಿಷ, ಅದು ಸಲೀಸಾದ ಮೇಲೆ ಐದು ನಿಮಿಷ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಸೂಚಿಸಿದ ಪ್ರಮಾಣ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ, ಅದರೊಡನೆ ಎರಡು ದಿನ ಸ್ನಾಯುಗಳನ್ನು ಬಲಪಡಿಸುವ ಕೆಲಸ. ಮಧ್ಯಮವೆಂದರೆ ಮಾತನಾಡುವುದಕ್ಕೆ ಉಸಿರಿರಬೇಕು, ಹಾಡುವುದಕ್ಕೆ ಇರಕೂಡದು. ದೇಶಕ್ಕೊಬ್ಬ ಪ್ರಧಾನಿಯನ್ನು ಕೊಟ್ಟ ಹೊಳೆನರಸೀಪುರ ತಾಲ್ಲೂಕಿನಲ್ಲಿ ಹೇಮಾವತಿಯ ದಿಕ್ಕಿಗೆ ಜೊತೆಯಾಗಿ ನಡೆಯುವವರಿಗೆ ಮಾತಿನ ವಸ್ತುವಿಗಂತೂ ಬರವಿಲ್ಲ. ಚರ್ಚೆ ಬಿಸಿಯೇರಿದಾಗ ಕಾಲು ನಿಂತುಬಿಡದಂತೆ ನೋಡಿಕೊಂಡರೆ ಸಾಕು. ನಡಿಗೆಯ ಕೊನೆಗೆ ಹೋಟೆಲಿನ ಬೆಣ್ಣೆದೋಸೆ ಸಿಕ್ಕದಂಥ ದಾರಿಯನ್ನು ಆರಿಸಿಕೊಳ್ಳುವುದೂ ವಿವೇಕ.

ನಡೆಯುವಾಗ ಎದೆ ಬಿಗಿಯುವುದು, ಎಡತೋಳು ಅಥವಾ ದವಡೆ ಸೆಳೆಯುವುದು, ತಲೆಸುತ್ತುವುದು ಕಂಡರೆ ಅಲ್ಲಿಯೇ ನಿಂತು ವೈದ್ಯರನ್ನು ಕಾಣಬೇಕು. ಗ್ಯಾಸ್ಟ್ರಿಕ್ ಎಂದು ಜೀರಿಗೆ ಕಷಾಯ ಕುಡಿದು ಕೂರುವ ವಿಷಯವಲ್ಲ. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಬರಿಹೊಟ್ಟೆಯ ದೀರ್ಘ ನಡಿಗೆಗೆ ಮೊದಲೇ ಸಲಹೆ ಪಡೆಯಬೇಕು.

ಅರಕಲಗೂಡಿನ ಕಡೆ ಮುಂಗಾರು ಹಿಡಿದರೆ ಹೊರಗೆ ಹೋಗುವುದು ಕಷ್ಟ. ಎರಡು ವಾರದ ಮಳೆಗೆ ಎರಡು ತಿಂಗಳ ಅಭ್ಯಾಸ ತೊಳೆದುಹೋಗುವುದುಂಟು. ಅಂಥ ದಿನಗಳಿಗೆಂದೇ ನಮ್ಮ ಹಿರಿಯರ ಬಸ್ಕಿಯಿದೆ. ಮೊಣಕಾಲು ಒಪ್ಪದವರು ಕುರ್ಚಿಯಿಂದ ಕೈಯೂರದೆ ಹತ್ತು ಸಲ ಎದ್ದು ಕುಳಿತರೂ ಆಯಿತು, ನೆಲದ ದಂಡಕ್ಕೆ ಬದಲಾಗಿ ಗೋಡೆಗೆ ಕೈಕೊಟ್ಟು ದಂಡ ತೆಗೆದರೂ ಆಯಿತು.

ಗೃಹಿಣಿಯರ ವಿಚಾರದಲ್ಲಿ ಮಾತ್ರ ಒಂದು ತಪ್ಪು ತಿಳುವಳಿಕೆ ಬೇರೂರಿದೆ. ಬೆಳಗಿನಿಂದ ರಾತ್ರಿಯವರೆಗೆ ಕೆಲಸ ಮಾಡುವವಳಿಗೆ ಬೇರೆ ವ್ಯಾಯಾಮವೇಕೆಂದು ಯಜಮಾನರು ಕೇಳುತ್ತಾರೆ. ಸ್ವತಃ ಆಕೆಯೇ ಹಾಗೆ ನಂಬಿರುತ್ತಾಳೆ. ನೀರು ಸೇದುವ, ಒರಳು ತಿರುವುವ ಕಾಲ ಹೋಗಿ, ಅಡಿಗೆಮನೆಯ ದಣಿವು ಈಗ ನಿಂತ ದಣಿವು. ಕಾಲು ನೋಯುತ್ತದೆ, ಉಸಿರು ಏರುವುದಿಲ್ಲ. ಮುಟ್ಟು ನಿಂತ ಮೇಲಿನ ವರ್ಷಗಳಲ್ಲಿ ಎಲುಬು ಬೇಗ ಬೇಗ ಸವೆಯುತ್ತದೆಂಬುದರಿಂದ ಭಾರವೆತ್ತುವ ಅಭ್ಯಾಸ ಗಂಡಸಿಗಿಂತ ಹೆಂಗಸಿಗೇ ಹೆಚ್ಚು ಅವಶ್ಯ. ಆದರೆ ಬೆಳಿಗ್ಗೆ ಆರಕ್ಕೆ ಆಕೆ ಹಾಸನದ ಮಹಾರಾಜ ಪಾರ್ಕಿಗೆ ಹೊರಡಬೇಕಾದರೆ, ಆ ಅರ್ಧ ಗಂಟೆ ಒಲೆಯ ಮುಂದೆ ನಿಂತು ಹಾಲು ಕಾಯಿಸಿ, ಕಾಫಿ ಬೆರೆಸಿ, ಮಕ್ಕಳ ಡಬ್ಬಿ ಕಟ್ಟುವವರು ಯಾರೆಂಬುದನ್ನು ಹಿಂದಿನ ರಾತ್ರಿಯೇ ಮನೆಯವರೆಲ್ಲ ಕುಳಿತು ನಿಶ್ಚಯಿಸಿಕೊಳ್ಳಬೇಕಾಗುತ್ತದೆ.